ಎಂಜಿನ್ ಮೇಲಿನ ಧೂಳ್ತ

1954ರ ಮಾರ್ಚ್ 14, ಬೆಳಿಗ್ಗೆ ಎಂಟೂವರೆ. ಗುಂಡ್ಲುಪೇಟೆ ಠಾಣೆಯ ಜಗುಲಿಗೆ ಶಾಂತಮಲ್ಲಮ್ಮ ಬಂದು ಕುಸಿದಾಗ ಪೂಜೆಯ ಕಾಯಿಹೋಳು ಇನ್ನೂ ಅವಳ ಮಡಿಲಲ್ಲೇ ಇತ್ತು.

“ನನ್ ಯಜಮಾನ್ರ ಕೊಂದವ್ರೆ, ಬರ್ಕೊಳಿ. ಡ್ರೈವರ್ ಪುಟ್ಟಮಾದೂನೆ. ನೆನ್ನೆ ತಾನೆ ಜಗಳ ಆಡಿದ್ದ.”

ದಫೇದಾರ ರಾಚಯ್ಯ ಎಫ್.ಐ.ಆರ್. ಬರೆದ. ಅವಳ ಗಂಡ ಚಿಕ್ಕಬಸವಯ್ಯ ಹಂಗಳದ ಮರದ ವ್ಯಾಪಾರಿ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಹಿಡಿದ ಮಿಲಿಟರಿ ಲಾರಿಗೆ ದಿಮ್ಮಿ ಎಳೆಯುವ ತಾಕತ್ತು ಬರಲೆಂದು, ಫಿಟ್ಟರ್ ಮರಿಯಯ್ಯನಿಂದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಕೂರಿಸಿದ್ದ. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಪೂಜೆಯಾದ ಮೇಲೆ, ಮುಂದಿನಿಂದ ತಿರುಗಿಸಿ ಚಾಲೂ ಮಾಡುವ ಮೊದಲ ಹ್ಯಾಂಡಲ್ ಯಜಮಾನನೇ ಹೊಡೆಯಬೇಕೆಂಬುದು ಅಲ್ಲಿನ ಪದ್ಧತಿ. ಈ ಬೆಳಿಗ್ಗೆ ಹೊಡೆದ. ಹ್ಯಾಂಡಲ್ ಹಿಂದಕ್ಕೆಗರಿ ತಲೆಗೆ ಬಡಿಯಿತು. ಬಿದ್ದವನು ಏಳಲಿಲ್ಲ.

ಚಾಮರಾಜನಗರದಿಂದ ಇನ್‌ಸ್ಪೆಕ್ಟರ್ ಮಹದೇವಪ್ಪ ಹನ್ನೊಂದಕ್ಕೆ ಹಂಗಳಕ್ಕೆ ಬಂದರು. ಪಂಚನಾಮೆಗೆ ಬಾನೆಟ್ ಎತ್ತಿಸಿದರು.

“ಹ್ಯಾಂಡಲ್ ಯಾಕೆ ಎಗರ್ತದೆ?”

“ಕಿಡಿ ಬೇಗ ಬಿದ್ರೆ ಎಗರ್ತದೆ, ಸ್ವಾಮಿ,” ಎಂದ ಮರಿಯಯ್ಯ. “ಕಿಡಿ ಹಂಚೋ ಈ ಡಬ್ಬಿ ಒಂದ್ ಬೆರಳು ತಿರುಗಿದ್ರೂ ಸಾಕು. ನೆನ್ನೆ ಸಂಜೆ ನಾನೇ ಹೊಡ್ದಾಗ ಕುರಿಮರಿ ಅಂಗಿತ್ತು.”

“ರಾತ್ರಿ ಲಾರೀಲಿ ಮಲಗಿದ್ದವನು?”

“ನಾನೇ, ಬುದ್ದಿ,” ಕೋಳ ತೊಟ್ಟ ಪುಟ್ಟಮಾದು ಮುಂದೆ ಬಂದ. “ಬಾನೆಟ್ ಎತ್ತಕ್ಕೂ ಮರಿಯಣ್ಣನ್ನೇ ಕೂಗೋನು ನಾನು. ಘಾಟೀಲಿ ಎಂಜಿನ್ ಆರ್ಸಿ ಇಳ್ಸು, ಪೆಟ್ರೋಲ್ ಉಳೀತದೆ ಅಂದ್ರು ಯಜಮಾನ್ರು. ಬ್ರೇಕ್ ಒಂದೇ ತಡೆಯಲ್ಲ, ಆಗಲ್ಲ ಅಂದೆ. ಅಷ್ಟೇ ಜಗಳ.”

ಮರಿಯಯ್ಯ ನೆಲ ನೋಡುತ್ತಿದ್ದ.

ರಾಚಯ್ಯ ಎಂಜಿನ್ ಮೇಲೆ ಬಗ್ಗಿದ. ಸಿದ್ದಪ್ಪಾಜಿ ದೇವರ ಒಕ್ಕಲಿನವನು, ದಿನವೂ ಹಣೆಗೆ ಧೂಳ್ತ, ಆ ದೇವರ ಕಪ್ಪು ಬೂದಿ, ಇಡುವವನು. ಉಳಿದವರಿಗೆ ಮಸಿಯಂತೆ ಕಂಡದ್ದು ಅವನಿಗೆ ಮೂರು ಬೆರಳಿನ ಧೂಳ್ತದ ಗೆರೆಯಾಗಿ ಕಂಡಿತು. ಡಬ್ಬಿ ಎಂಜಿನ್ನಿಗೆ ಕೂಡುವ ಕಡೆ ಹಳೆಯ ಗೆರೆ, ಎಣ್ಣೆ ಕುಡಿದದ್ದು, ನಡುವೆ ಮುರಿದು ಒಂದು ಬೆರಳು ಸರಿದಿತ್ತು. ಅದರ ಮೇಲೆ ಇನ್ನೊಂದು, ಒಣಗಿದ ಹೊಸ ಗೆರೆ. ಅದು ಮುರಿದಿರಲಿಲ್ಲ.

“ಇದ್ಯಾರು ಹಚ್ಚಿದ್ದು, ಮರಿಯಣ್ಣ?”

“ನಾನೇ. ಬಿಗಿ ಮಾಡಿದ್ ಕಡೆಗೆಲ್ಲ ಹಚ್ತೀನಿ.”

“ಹಳೇದು?”

“ನೆನ್ನೆ ಸಂಜೆ.”

“ಹೊಸದು?”

“ಈವತ್ತು, ಪೂಜೆಗೆ ಮುಂಚೆ.”

“ಹಳೇ ಗೆರೆ ಮುರ್ದಿದ್ದು ನಿನ್ ಕಣ್ಗೆ ಬೀಳ್ನಿಲ್ವಾ?”

ಮರಿಯಯ್ಯ ಮುರಿದ ಗೆರೆಯ ಮೇಲೆ ಬೆರಳಿಟ್ಟ. ಬೇಲಿಯಾಚೆ ಎತ್ತಿನ ಕೊರಳಗಂಟೆ ಕೇಳಿಸಿತು.

“ಕೊಲ್ಬೇಕು ಅಂತ್ಲೇ ತಿರುಗ್ಸ್‌ಬುಟ್ಟೆ. ಬೋಲ್ಟ್ ಬಿಗಿ ಮಾಡ್ದೆ. ಕೈ ತಾನಾಗೇ ಧೂಳ್ತಕ್ಕೆ ಓಯ್ತು, ರಾಚಣ್ಣ. ಮೂವತ್ತು ವರ್ಸದ ಕೈ.”

“ಯಾಕೆ ಕೊಂದೆ?” ಮಹದೇವಪ್ಪ ಕೇಳಿದರು.

“ನನ್ ಮಗ ಮಂಟೇಸ್ವಾಮಿ ಇದೇ ಲಾರಿ ಓಡುಸ್ತಿದ್ದ. ಮೂರ್ ವರ್ಸದ ಇಂದೆ ಘಾಟೀಲಿ ಉರುಳ್ದ. ನಿದ್ದೆ ಮಾಡ್ದ ಅಂದ್ರು ಯಜಮಾನ್ರು. ಲಾರಿ ಎತ್ದಾಗ ಎಂಜಿನ್ ಸ್ವಿಚ್ಚು ಆರಿತ್ತು. ಯಾಕೆ ಅಂತ ಗೊತ್ತಾಗಿದ್ದು ನೆನ್ನೆ ಜಗಳ ಕೇಳ್ದಾಗ.” ಅವನು ರಾಚಯ್ಯನ ಕಡೆ ತಿರುಗಿದ. “ಸ್ವಿಚ್ಚಿನ ಮಾತು ಆವತ್ತೇ ನಿಂಗೆ ಏಳಿದ್ದೆ.”

ಪುಟ್ಟಮಾದುವಿನ ಕೋಳ ಬಿಚ್ಚಿ ಮರಿಯಯ್ಯನಿಗೆ ತೊಡಿಸಿದ್ದು ಮಧ್ಯಾಹ್ನ ಒಂದೂ ಹತ್ತಕ್ಕೆ.

ಸಂಜೆ ರಾಚಯ್ಯ 1951ರ ಕಡತ ಹುಡುಕಿ ತೆಗೆದ. ‘ಚಾಲಕನು ನಿದ್ದೆಗೆ ಜಾರಿದ್ದರಿಂದ.’ ಸ್ವಿಚ್ಚಿನ ಮಾತು ಎಲ್ಲೂ ಇರಲಿಲ್ಲ. ಆ ಹಾಳೆಯನ್ನು ಹೊಸ ಕಡತಕ್ಕೆ, ಎಲ್ಲಕ್ಕಿಂತ ಮೇಲಿಟ್ಟು, ದಾರ ಹಾಕಿ ಕಟ್ಟಿದ. ಅದರಡಿ ಇದ್ದದ್ದು ಅವನದೇ ಸಹಿ.