ಕಂಚಿನ ಮೇಲೆ ಹಸಿರು

ಫಲಕದ ಮೇಲೆ ಏಳು ಹೆಸರುಗಳಿದ್ದವು. ಶಿಶಿರನದು ಇರಲಿಲ್ಲ.

ಅಮೆರಿಕದ ಬರ್ಬ್ಯಾಂಕಿನ ಸಮೀಪದ ಸಣ್ಣ ಚೌಕವೊಂದರಲ್ಲಿ ಪೋಲೆಂಡಿನ ರಾಷ್ಟ್ರಕವಿಯ ಕಂಚಿನ ಪ್ರತಿಮೆ ಅನಾವರಣಗೊಂಡದ್ದು 2021ರ ಮೇ ತಿಂಗಳಲ್ಲಿ. ಅಲ್ಲಿನ ಪೋಲಿಷ್ ಕುಟುಂಬಗಳು ಹನ್ನೊಂದು ವರ್ಷ ಓಡಾಡಿ ನಿಲ್ಲಿಸಿದ ಸ್ಮಾರಕ ಅದು. ನಿಲುವಂಗಿ ತೊಟ್ಟ ಕವಿಯ ಪಾದದ ಬಳಿ, ಮಕ್ಕಳು ಕೂರುವಷ್ಟು ಅಗಲದ ಕಂಚಿನ ಪುಸ್ತಕ ತೆರೆದುಕೊಂಡಿತ್ತು. ಇಡೀ ಪ್ರತಿಮೆಯನ್ನು ಸಮುದ್ರದ ಗಾಳಿಯಿಂದ ಕಾಯುತ್ತಿದ್ದ, ಕಣ್ಣಿಗೆ ಕಾಣದ ಲೇಪ ಶಿಶಿರನದು. ಅಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದ ಟೊರ್ರಿ ಪೈನ್ಸಿನ ಪ್ರಯೋಗಾಲಯದಲ್ಲಿ ಮೂರು ವರ್ಷ, ನಾನೂರ ಹನ್ನೆರಡು ಮಾದರಿಗಳು. ಫಲಕದಲ್ಲಿ ಮಾತ್ರ ‘ಲೇಪನ: ಡಾ. ಬಾಲಕೃಷ್ಣ’ ಎಂದಿತ್ತು.

“ಹೆಸರು ಯಾರದಾದ್ರೇನಪ್ಪಾ, ಕೆಲಸ ನಮ್ಮ ಲ್ಯಾಬಿಂದು ತಾನೆ,” ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥ ಬಾಲಕೃಷ್ಣ, ಅನಾವರಣದ ದಿನ.

“ಹಾಗಾದ್ರೆ ನನ್ನದೇ ಹಾಕ್ಬಹುದಿತ್ತಲ್ಲ ಸರ್?”

“ಉಡುಪಿಯೋರ ಬಾಯಿ ನೋಡು. ಬಾ, ಊಟಕ್ಕೆ ಕರೀತಿದಾರೆ.”

ದೂರು ಕೊಡುವ ದಾರಿಯನ್ನು ಶಿಶಿರ ಪರಿಶೀಲಿಸಿದ. ಪ್ರತಿ ವಾರ ಅವನ ಪ್ರಯೋಗಪುಸ್ತಕಕ್ಕೆ ಸಹಿ ಹಾಕಿದ್ದವರು ಬಾಲಕೃಷ್ಣ. ಪೇಟೆಂಟ್ ಅರ್ಜಿಯೂ ಅವರದೇ ಹೆಸರಿನಲ್ಲಿತ್ತು. ನಾಲ್ಕೇ ಜನರ ಪ್ರಯೋಗಾಲಯದಲ್ಲಿ ಸಾಕ್ಷಿ ಹೇಳಲು ಉಳಿದ ಇಬ್ಬರು ಅಮೆರಿಕನ್ನರು ಆಮೇಲೆ ಸೇರಿದವರು. ತನ್ನದೆಂದು ಸಾಧಿಸುವುದು ಅಸಾಧ್ಯವೆಂದು ಖಚಿತವಾದ ಮೇಲೆ ಒಂದೇ ದಾರಿ ಉಳಿಯಿತು: ಲೇಪ ಸೋಲಬೇಕು. ಸೋತರೆ ಆ ಸೋಲು, ಫಲಕದ ಪ್ರಕಾರ, ಬಾಲಕೃಷ್ಣರದು. ಆಗ ಶಿಶಿರ ಅದನ್ನು ಸುಧಾರಿಸಿ ತನ್ನ ಹೆಸರಿನಲ್ಲಿ ತರಬಹುದಿತ್ತು.

ತನ್ನದೇ ಕೃತಿಯನ್ನು ಕೆಡಿಸಬೇಕಾದ ಸಂಕಟವನ್ನು ಅವನು ಎರಡು ದಿನ ಅನುಭವಿಸಿದ. ಮೂರನೆಯ ದಿನ ಕೆಲಸ ಆರಂಭಿಸಿದ.

ಲೇಪಕ್ಕೆ ಒಂದು ದೌರ್ಬಲ್ಯವಿತ್ತು. ಬೆಸುಗೆ ಹಾಕಿದ ಜಾಗದಲ್ಲಿ, ಉಪ್ಪು ಬೆರೆತ ಬೆಚ್ಚನೆಯ ವಿನೆಗರ್ ತಗುಲಿದರೆ ಅದು ಸದ್ದಿಲ್ಲದೆ ಏಳುತ್ತಿತ್ತು. ಅನಂತರ ಉಪ್ಪು ಕಂಚಿಗಿಳಿದು, ಮೂರು ವಾರಗಳಲ್ಲಿ ತಿಳಿಹಸಿರು ಪುಡಿ ಹೊರಬರುತ್ತಿತ್ತು. ನೋಡಿದವರು ಸಮುದ್ರದ ಗಾಳಿಯನ್ನು ದೂರುತ್ತಾರೆ. ಅಪರಾಧ ನಡೆದಿದೆಯೆಂದೇ ತಿಳಿಯದ ಕಡೆ ಅಪರಾಧಿಯನ್ನು ಹುಡುಕುವವರಿಲ್ಲ.

ಆದರೂ ಅವನು ಎಚ್ಚರ ತಪ್ಪಲಿಲ್ಲ. ಚೌಕದಲ್ಲಿ ಕ್ಯಾಮೆರಾ ಇತ್ತು. ಪ್ರತಿ ಮಂಗಳವಾರ ಗುತ್ತಿಗೆ ಕೆಲಸಗಾರರು ಕಿತ್ತಳೆ ಅಂಗಿ, ಹೆಲ್ಮೆಟ್, ರಕ್ಷಣಾ ಕನ್ನಡಕ ತೊಟ್ಟು, ಬೆನ್ನಿಗೆ ಸ್ಪ್ರೇ ಪಂಪು ಕಟ್ಟಿಕೊಂಡು ಪ್ರತಿಮೆ ತೊಳೆಯುತ್ತಿದ್ದರು. ಅವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಆ ವರ್ಷ ನೋಡಿದರೂ ಮಾಸ್ಕ್ ಮಾತ್ರ ಕಾಣುತ್ತಿತ್ತು. ಇದಕ್ಕೆ ಅವನು ಅಕ್ಟೋಬರ್ ಹದಿನಾಲ್ಕು, ಗುರುವಾರವನ್ನು ಆರಿಸಿದ. ಅಂದು ಅವನಿಗೆ ಮನೆಯಿಂದಲೇ ಕೆಲಸ. ಬಾಲಕೃಷ್ಣ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸ್ಮಾರಕ ಸಮಿತಿಯೊಂದಿಗೆ ವಿಡಿಯೊ ಸಭೆಯಲ್ಲಿರುತ್ತಾರೆ, ಇವನನ್ನು ಹುಡುಕುವುದಿಲ್ಲ. ಕಾರು, ಫೋನು ಎರಡನ್ನೂ ರಾಂಚೊ ಬರ್ನಾರ್ಡೊದ ಮನೆಯಲ್ಲೇ ಬಿಟ್ಟು, ನಸುಕಿನಲ್ಲೇ ಬಸ್ಸು, ರೈಲು ಹಿಡಿದ.

ಹತ್ತೂಕಾಲಿಗೆ ಅವನು ಆ ಕೆಲಸಗಾರರದೇ ವೇಷದಲ್ಲಿ ಚೌಕದಲ್ಲಿದ್ದ. ಮುದುಕಿಯೊಬ್ಬಳು ಕವಿಯ ಮುಂದೆ ಹೂವಿಟ್ಟು, ಇವನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು:

“ಕಿವಿಗಳನ್ನು ಚೆನ್ನಾಗಿ ತೊಳೆಯಪ್ಪಾ. ನಾವು ಹೇಳಿದ್ದು ಈತನಿಗೆ ಕೇಳಿಸಬೇಕಲ್ಲ.”

ಧ್ವನಿ ಗುರುತು ಬಿಡಬಾರದೆಂದು ಶಿಶಿರ ತಲೆಯನ್ನಷ್ಟೇ ಆಡಿಸಿದ. ಅವಳು ಹೋಗುವವರೆಗೆ ಪಂಪಿನಲ್ಲಿದ್ದ ದ್ರಾವಣ ಆರುತ್ತದೆಂಬ ಚಿಂತೆ ಕಾಡಿತು. ಹೋದ ಮೇಲೆ ಪೀಠದ ಮೆಟ್ಟಿಲೇರಿ, ನಿಲುವಂಗಿಯ ಹಿಂಬದಿಯ ಬೆಸುಗೆಗೆ ಸಿಂಪಡಿಸಿದ. ಒಮ್ಮೆ ಕಾಲು ಜಾರಿತು; ಸಾವರಿಸಿಕೊಂಡ. ಒಟ್ಟು ಹನ್ನೊಂದು ನಿಮಿಷ. ಯೋಜನೆಗಿಂತ ಒಂದು ನಿಮಿಷ ಕಡಿಮೆ.

ಮೂರು ವಾರಕ್ಕೆ ಸರಿಯಾಗಿ ಹಸಿರು ಬಂತು. ಸಮಿತಿಯ ಪತ್ರವೂ ಬಂತು. ಬಾಲಕೃಷ್ಣ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ನಾಲ್ಕು ದಿನದಲ್ಲಿ ಮುಖ ಇಳಿದುಹೋಗಿತ್ತು.

“ಕೂತ್ಕೋ. ಫಲಕದಿಂದ ನನ್ನ ಹೆಸರು ತೆಗೀತಾರಂತೆ.”

“ಛೆ. ಹಾಗಾಗಬಾರದಿತ್ತು ಸರ್.”

“ಲೇಪ ಎದ್ದುಹೋಯ್ತು ಅಂದ್ರು. ನಾನು ನಂಬಲಿಲ್ಲ. ನಾನು ಮಾಡಿದ್ದಾಗಿದ್ರೆ ನಂಬ್ತಿದ್ದೆ. ಅದು ನಿಂದು ಕಣೋ. ಹಾಗೆಲ್ಲ ಏಳೋದಲ್ಲ.”

ಈ ಒಂದು ಮಾತಿಗಾಗಿ ಶಿಶಿರ ಐದು ತಿಂಗಳು ಕಾದಿದ್ದ. ಈಗ ಅದು, ಮುಚ್ಚಿದ ಕೋಣೆಯಲ್ಲಿ, ಯಾವ ಪ್ರಯೋಜನಕ್ಕೂ ಬಾರದಂತೆ ಬಂದಿತ್ತು.

“ಯಾರೋ ಕೆಡಿಸಿದಾರೆ ಅಂತ ಗ್ಯಾರಂಟಿ ಆಯ್ತು. ಅದಕ್ಕೇ ಕ್ಯಾಮೆರಾ ಫುಟೇಜ್ ತರಿಸ್ದೆ,” ಎಂದು ಅವರು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದರು. “ಗುರುವಾರ ಒಬ್ಬ ತೊಳೆಯೋಕೆ ಬಂದಿದಾನೆ. ಗುತ್ತಿಗೆಯೋರು ಕಳಿಸೇ ಇಲ್ಲ.”

ಶಿಶಿರ ಶಾಂತವಾಗಿ ನೋಡಿದ. ವೇಷ ನಿರ್ದೋಷವಾಗಿತ್ತು.

“ಮುಖ ಕಾಣೋದಿಲ್ಲ ಅಲ್ವಾ ಸರ್?”

“ಮುಖ ಬೇಡ. ಕೈ ನೋಡು. ಕಾರ್ಪೊರೇಷನ್ನೋರು ಕನ್ನಡಕ ಸರಿಮಾಡ್ಕೊಂಡ ಅಂದ್ಕೊಂಡಿದಾರೆ.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ಬೆಸುಗೇಲಿ ಲೇಪ ಸೋಲುತ್ತೆ ಅಂತ ತಿಳಿದೋರು ನಮ್ಮ ಲ್ಯಾಬಿನ ನಾಲ್ಕು ಜನ. ಅವರಲ್ಲಿ ಹೀಗೆ ಮಾಡೋರು ನಾವಿಬ್ರೇ ಕಣೋ. ನಾನು ಆ ಹೊತ್ತಲ್ಲಿ ಕಮಿಟಿ ಎದುರಿಗಿದ್ದೆ.”

ತೆರೆಯ ಮೇಲೆ ಕೆಲಸಗಾರನ ಬೂಟು ಜಾರಿ ಕಂಚಿನ ಪುಟವನ್ನು ಮೆಟ್ಟಿತು. ಅವನು ಸಾವರಿಸಿಕೊಂಡ. ಮುಂದಿನ ಎರಡು ಸೆಕೆಂಡುಗಳು ಶಿಶಿರನ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಆದರೆ ಕ್ಯಾಮೆರಾದಲ್ಲಿ ಇದ್ದವು. ಕಿತ್ತಳೆ ಅಂಗಿಯವನು ಬಾಗಿ, ಕೈಗವಸು ತೊಟ್ಟ ಬಲಗೈಯಿಂದ ಆ ಪುಸ್ತಕವನ್ನು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡ.