ಎದೆ ಸುಮ್ಮನಾದ ಮೇಲೆ

"ಏನು ತೊಂದರೆ?" ಯಮುನಾ ಚೀಟಿಯಿಂದ ತಲೆಯೆತ್ತದೆ ಕೇಳಿದಳು.

"ಎದೆ ಡವಡವ ಒಡ್ಕತದೆ" ಅಂದ ಕೀರ್ತಿರಾಜ್.

"ಯಾವಾಗ?"

"ಈಗ್ಲೂ."

ಬೆಂಚಿನ ಮೇಲೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಂಡಿನೋವಿಗೆಂದು ಬಂದಿದ್ದ ಮುದುಕಿಯೊಬ್ಬಳು ನೋವು ಮರೆತು, "ಅದ್ಕೆ ಮಾತ್ರೆ ಡಾಕ್ಟ್ರತ್ರ ಇಲ್ಲ ಕಣ್ಲಾ, ಚೀಟಿ ಬರಿಯೋಳತ್ರ ಅದೆ" ಅಂದಳು.

ಕೀರ್ತಿಯ ಕಿವಿ ಕೆಂಪಾಯಿತು. ಟೋಕನ್ ಮೇಜಿನ ಮೇಲಿಟ್ಟವನೇ ರಸ್ತೆ ದಾಟಿ ಎದುರಿನ ತನ್ನ ಬೈಕ್ ಗ್ಯಾರೇಜು ಸೇರಿಕೊಂಡ.

ಯಮುನಾ ಆ ಟೋಕನ್ ಎತ್ತಿಕೊಂಡಳು. ಬೆವರಿಗೆ ಒದ್ದೆಯಾಗಿತ್ತು. ಜನವರಿಯ ಬೆಳಗು. ಬೆಂಚಿನವರೆಲ್ಲ ಸ್ವೆಟರಿನೊಳಗೆ ಮುದುಡಿದ್ದರು.

ಅವಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ದುದ್ದದ ಈ ಕ್ಲಿನಿಕ್ಕಿಗೆ ಹಾಸನದಿಂದ ವಾರಕ್ಕೆ ಮೂರು ದಿನ ಬರುವ ಕಾಂತರಾಜು ಡಾಕ್ಟರು, ಅವಳು ಕೆಲಸಕ್ಕೆ ಸೇರಿದ ದಿನವೇ ಒಂದು ಕ್ರಮ ಹೇಳಿಕೊಟ್ಟಿದ್ದರು. "ಅವರು ಹೇಳಿದ್ದು ಮೇಲೆ ಬರಿ. ನೀನು ನೋಡಿದ್ದು ಕೆಳಗೆ ಬರಿ."

ಸುಸ್ತು ಎಂದವಳ ತುಟಿಯಂಚಿನಲ್ಲಿ ಸೀಮೆಸುಣ್ಣದ ಪುಡಿ ಕಂಡು ಯಮುನಾ ಒಮ್ಮೆ ಅದನ್ನೇ ಬರೆದಿದ್ದಳು. ಪರೀಕ್ಷೆ ಮಾಡಿಸಿದರೆ ಆ ಹೆಂಗಸಿನ ಮೈಯಲ್ಲಿ ರಕ್ತವೇ ಇರಲಿಲ್ಲ. ಗ್ಯಾಸು ಎಂದ ಯಜಮಾನರೊಬ್ಬರು ಮುಷ್ಟಿ ಬಿಗಿದು ಎದೆಗೆ ಒತ್ತಿಕೊಂಡಿದ್ದರು. ಅದನ್ನೂ ಬರೆದಳು. ಡಾಕ್ಟರು ಅವರನ್ನು ತಮ್ಮದೇ ಕಾರಿನಲ್ಲಿ ಹಾಸನಕ್ಕೆ ಓಡಿಸಿ ಉಳಿಸಿದರು. ಆ ದಿನ ಯಮುನಾಗೆ ಅನ್ನ ಸೇರಲಿಲ್ಲ. ಬಾಯಿ ಮುಚ್ಚಿಟ್ಟಿದ್ದನ್ನು ಮೈ ಹೀಗೆ ಒಂದೊಂದಾಗಿ ಹೊರಗಿಡುತ್ತದಲ್ಲ ಎಂಬ ಬೆರಗು. ದೇವರ ಮುಂದೆ ಕೂತಾಗಲೂ ಅವಳಿಗೆ ಅಷ್ಟು ಬೆರಗಾದದ್ದಿಲ್ಲ.

ಆದರೆ ಕೀರ್ತಿಯ ಚೀಟಿಯಲ್ಲಿ ಕೆಳಗಿನ ಸಾಲು ಖಾಲಿಯಾಗಿಯೇ ಉಳಿಯಿತು. ಅವನನ್ನು ಅವಳು ಎರಡು ವರ್ಷದಿಂದ ಕಿಟಕಿಯಿಂದ ನೋಡುತ್ತಿದ್ದಳು. ಕಣ್ಣು ಮುಚ್ಚಿ, ತಲೆ ವಾಲಿಸಿ, ಬೈಕಿನ ಸದ್ದು ಕೇಳಿಯೇ ಕೆಟ್ಟಿರುವುದೇನೆಂದು ಹೇಳುವಾಗ ಅವನ ಮುಖ ಎಷ್ಟು ಚೆಂದ! ಹಾಗೆ ನೋಡುವಾಗ ಯಾರು ತಾನೇ ಲಕ್ಷಣ ಹುಡುಕುತ್ತಾರೆ?

ಈಗ ಹುಡುಕಿದಳು. ಮೂರು ದಿನ ನೋಡಿದಳು. ಬೆರಳಿನಿಂದ ನಟ್ಟು ಜಾರಿ ಬೀಳುತ್ತಿತ್ತು. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಕಣ್ಣಗುಡ್ಡೆಯ ಕಪ್ಪಿಗೂ ರೆಪ್ಪೆಗೂ ನಡುವೆ ಬಿಳಿಯ ಗೆರೆಯೊಂದು ಕಾಣುತ್ತಿತ್ತು. ಆ ಅಗಲ ಕಣ್ಣು ತನ್ನನ್ನು ನೋಡಿ ಅರಳಿದ್ದು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಭಾನುವಾರ ಬೆಳಗ್ಗೆ ಕೀರ್ತಿಯ ತಾಯಿ ದೊಡ್ಡತಾಯಮ್ಮ ತಟ್ಟೆಯಲ್ಲಿ ಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಯಮುನಾಳ ಮನೆಗೇ ಬಂದಳು.

"ನಂಜಣ್ಣ, ನಿನ್ ಮಗಳ ನಮ್ಗೆ ಕೊಟ್ಬುಡು" ಅಂದಳು ಯಮುನಾಳ ಅಪ್ಪನಿಗೆ. "ನನ್ ಮಗ ಸೊರಗಿ ಕಡ್ಡಿ ಆಗವ್ನೆ. ದೃಷ್ಟಿ ತೆಗ್ದೆ, ತಾಯ್ತ ಕಟ್ಟಿಸ್ದೆ, ಏನೂ ಆಗ್ನಿಲ್ಲ. ಮೂರು ಮುದ್ದೆ ಉಣ್ತಾನೆ, ಮೈಗೆ ಅತ್ತಕಿಲ್ಲ. ನಿದ್ದೆ ಇಲ್ಲ. ಎಲ್ಲಾ ನಿನ್ ಮಗಳ ಗ್ಯಾನ ಕಣಪ್ಪ. ತಾಳಿ ಕಟ್ಟಿದ್ರೆ ಸರ್ಯಾಯ್ತಾನೆ."

ನಂಜಪ್ಪನ ಮುಖ ಅರಳಿತು. "ಏನಂತೀಯ ಮಗ?"

ಯಮುನಾ ಬಾಗಿಲ ಹಿಂದೆ ನಿಂತಿದ್ದಳು. ಬಯಸಿದ್ದು ತಾನಾಗಿ ಮನೆಯೊಳಗೆ ಬಂದು ಕೂತಿತ್ತು. 'ಹೂಂ' ಅಂದರೆ ಸಾಕು. ಆದರೆ ಆ ತಾಯಿ ಹೇಳಿದ ಒಂದೊಂದು ಮಾತೂ ಚೀಟಿಯ ಖಾಲಿ ಸಾಲಿಗೆ ಬಂದು ಕೂರುತ್ತಿತ್ತು. ಇದು ಕಾಯಿಲೆ. ಕಾಯಿಲೆಯಾದರೆ ವಾಸಿಯಾಗುತ್ತದೆ. ಆ ಎದೆಬಡಿತದ ಜೊತೆ ತಾನೂ ಅವನಿಂದ ಇಳಿದುಹೋದರೆ?

"ಅತ್ತೆ" ಅಂದಳು. ಸ್ವರ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಅತ್ತೆ, ನಾಳೆ ಡಾಕ್ಟ್ರು ಬತ್ತಾರೆ. ಮೊದ್ಲು ಅವ್ರಿಗೆ ತೋರ್ಸಿ. ಆಮೇಲೆ ಈ ಮಾತು."

ದೊಡ್ಡತಾಯಮ್ಮ ಎದ್ದು ನಿಂತಳು. "ನನ್ ಮಗನ್ನ ರೋಗಿಷ್ಟ ಅಂತೀಯೇನೇ? ಎಣ್ಣು ಕೇಳಕ್ ಬಂದೋಳ್ಗೆ ಈ ಮಾತಾ?"

ಇಟ್ಟ ತಟ್ಟೆಯನ್ನು ಎತ್ತಿಕೊಂಡೇ ಹೊರಟುಬಿಟ್ಟಳು. ನಂಜಪ್ಪ ಮಗಳತ್ತ ತಿರುಗಿಯೂ ನೋಡದೆ ಹೊರಗೆ ನಡೆದ.

ಸೋಮವಾರ ಯಮುನಾ ಮೊದಲ ಬಾರಿಗೆ ರಸ್ತೆ ದಾಟಿ ಗ್ಯಾರೇಜಿಗೆ ಹೋದಳು.

"ಬೈಕಿಲ್ದೆ ಬಂದಿದೀಯ?" ಕೀರ್ತಿ ನಗಲು ನೋಡಿದ. "ಬೇಡ ಅಂದ್ಯಂತಲ್ಲ."

"ಬೇಡ ಅನ್ನಲಿಲ್ಲ. ಕೈ ಮುಂದಕ್ಕೆ ಚಾಚಿ."

ಚಾಚಿದ. ಅವಳು ಚೀಟಿಯೊಂದನ್ನು ಅವನ ಬೆರಳುಗಳ ಮೇಲಿಟ್ಟಳು. ಗಾಳಿಯಿರಲಿಲ್ಲ. ಆದರೂ ಕಾಗದ ಜೇನುನೊಣದ ರೆಕ್ಕೆಯಂತೆ ಸಣ್ಣಗೆ ಅದುರಿತು.

"ನೀನ್ ಎದ್ರುಗಿದ್ರೆ ಇಂಗೇ ಆಗೋದು" ಅಂದ ಅವನು, ಮೆಲ್ಲಗೆ.

"ನಾನು ಇಲ್ಲದಾಗ?"

"ಆಗ್ಲೂ ಎದೆ ಒಡ್ಕತದೆ."

"ಆಗ ನನ್ನ ನೆನೆಸ್ಕೊಂಡಿರ್ತೀರಾ?"

ಕೀರ್ತಿ ತಲೆ ಕೆರೆದುಕೊಂಡ. ಸುಳ್ಳು ಹೇಳಲು ಬರದ ಮನುಷ್ಯ. "ಇಲ್ಲ. ಮೊಬೈಲಲ್ಲಿ ಕ್ರಿಕೆಟ್ ನೋಡ್ತಿರ್ತೀನಿ."

ಯಮುನಾಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ಹನಿಯಿತು. "ಬನ್ನಿ" ಅಂದಳು.

ಡಾಕ್ಟರು ಅವನ ಕತ್ತು ಮುಟ್ಟಿ, ನೀರು ಕುಡಿಸಿ, ನಾಡಿ ಹಿಡಿದು ನೋಡಿದರು. ನೂರಾ ಇಪ್ಪತ್ತೆಂಟು. ರಕ್ತ ಹಾಸನದ ಲ್ಯಾಬಿಗೆ ಹೋಯಿತು. ಬುಧವಾರ ರಿಪೋರ್ಟು ಬಂತು.

"ಥೈರಾಯ್ಡು ಅತಿಯಾಗಿ ಕೆಲಸ ಮಾಡ್ತಿದೆ" ಅಂದರು ಡಾಕ್ಟರು. "ಮೈಯೆಲ್ಲ ಸುಮ್ಮನೆ ಓಡ್ತಾನೇ ಇರುತ್ತೆ."

"ನಿಂತಿರೋ ಗಾಡಿಗೆ ರೇಸ್ ಕೊಟ್ಟಂಗಾ ಸಾ?"

"ಹಂಗೇ. ಬಿಟ್ಟಿದ್ರೆ ಇಂಜಿನ್ನೇ ಹೋಗ್ತಿತ್ತು." ಡಾಕ್ಟರು ಯಮುನಾಳ ಕಡೆ ತಿರುಗಿದರು. ಚೀಟಿಯ ಕೆಳಗಿನ ಸಾಲು ಈಗ ತುಂಬಿತ್ತು. ಕೈ ನಡುಕ, ಬೆವರು, ತೂಕ, ಕಣ್ಣು. "ಒಂದೊಂದೇ ಆಗಿದ್ರೆ ಯಾವುದಕ್ಕೂ ಅರ್ಥ ಇಲ್ಲ. ಎಲ್ಲಾನೂ ಒಟ್ಟಿಗೆ ನೋಡಿದೀಯ. ಇದನ್ನ ಕಲಿಯೋಕೆ ನನಗೆ ಕಾಲೇಜಲ್ಲಿ ಐದು ವರ್ಷ ಹಿಡೀತು ತಾಯಿ."

ಮಾತ್ರೆ ಬರೆಸಿಕೊಂಡು ಹೊರಗೆ ಬಂದ ಕೀರ್ತಿ ಅವಳ ಮೇಜಿನ ಬಳಿ ನಿಂತ. "ಅವ್ವಂಗೆ ಏಳ್ತೀನಿ. ಮತ್ತೆ ಬಂದು ಕೇಳ್ತಾಳೆ."

"ಈಗ ಬೇಡ." ಅವಳು ಚೀಟಿಗಳನ್ನೇ ಜೋಡಿಸುತ್ತಿದ್ದಳು. "ಎದೆ ಸುಮ್ಮನಾಗ್ಲಿ. ಆಮೇಲೂ ಕೇಳ್ಬೇಕು ಅನ್ಸಿದ್ರೆ, ನೀವೇ ಬಂದು ಕೇಳಿ."

ಆಮೇಲೆ ಅವನು ಅವಳ ಕಡೆ ನೋಡುವುದನ್ನೇ ಬಿಟ್ಟ.

ಎರಡು ವಾರಕ್ಕೆ ಬೆವರು ನಿಂತಿತು. ನಾಲ್ಕು ವಾರಕ್ಕೆ ಕೆನ್ನೆ ತುಂಬಿತು. ಕಾರ್ಬುರೇಟರಿನ ಸಣ್ಣ ಸ್ಕ್ರೂ ಅವನ ಬೆರಳಲ್ಲಿ ಮಾತು ಕೇಳುವ ಮಗುವಿನಂತೆ ಕೂರತೊಡಗಿತು. ಒಂದು ಗುಲಗಂಜಿಯಷ್ಟು ಮಾತ್ರೆ ಮನುಷ್ಯನನ್ನು ಹೀಗೆ ತಿರುಗಿ ಕಟ್ಟಬಲ್ಲದೇ ಎಂದು ಯಮುನಾ ಕಿಟಕಿಯಲ್ಲಿ ಉಸಿರು ಬಿಗಿಹಿಡಿದು ನೋಡಿದಳು. ಅವನು ಒಂದು ಹೆಜ್ಜೆ ಗುಣವಾದಂತೆಲ್ಲ ತನ್ನಿಂದ ಒಂದು ಹೆಜ್ಜೆ ದೂರವಾದಂತೆ ಕಂಡಿತು. ಅವನು ಗುಣವಾಗಲೆಂದೇ ಅವಳು ಬೇಡಿಕೊಂಡಳು. ಬೇಡಿಕೊಂಡು ಅತ್ತಳು.

"ಆ ಉಡ್ಗ ಈಗ ಚೆನ್ನಾಗವ್ನೆ" ಅಂದ ನಂಜಪ್ಪ ಒಂದು ದಿನ, ಮುದ್ದೆ ಮುರಿಯುತ್ತ. "ನಿನ್ ಕಣ್ಣು ದೊಡ್ಡದು ಮಗ. ನಿನ್ ಅದೃಷ್ಟವೇ ಸಣ್ಣದು."

ಎಂಟನೇ ವಾರ ಕೀರ್ತಿ ಮರುಪರೀಕ್ಷೆಗೆ ಬಂದ. ನಾಡಿ ಎಪ್ಪತ್ತಾರು. ರಿಪೋರ್ಟೂ ಸರಿಯಾಗಿತ್ತು. ಮಾತ್ರೆ ಇನ್ನೂ ವರ್ಷವಾದರೂ ಮುಂದುವರಿಯಬೇಕೆಂದರು ಡಾಕ್ಟರು. ಅವನು ಚೀಟಿ ಮಡಚಿ ಜೇಬಿಗಿಟ್ಟು, ಅವಳ ಮೇಜು ದಾಟಿ, ಹೊರಗೆ ಹೋಗಿಬಿಟ್ಟ.

ಕಿಟಕಿಯಿಂದ ನೋಡಿದರೆ ಗ್ಯಾರೇಜಿನ ಶಟರ್ ಎಳೆದಿತ್ತು. ಯಮುನಾ ಪೆನ್ನು ಕೆಳಗಿಟ್ಟಳು. ಆಯಿತು, ಇಷ್ಟೇ.

ಮಧ್ಯಾಹ್ನ ಕ್ಲಿನಿಕ್ಕಿಗೆ ಬೀಗ ಹಾಕಿ ತಿರುಗಿದರೆ ಮೆಟ್ಟಿಲ ಕೆಳಗೆ ಅವನು. ಕೈ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

"ಎಂಟು ವಾರದಿಂದ ಒಂದ್ಸಲವೂ ಈ ಕಡೆ ನೋಡ್ಲಿಲ್ವಲ್ಲ" ಅಂದಳು. ಅವಳ ಬಾಯಿಂದ ಅದು ಹೇಗೆ ಬಂತೋ.

"ಎಂಗ್ ನೋಡ್ಲಿ? ನಿನ್ ನೋಡಿ ಎದೆ ಒಡ್ಕಂಡು, ಡಾಕ್ಟ್ರ ಲೆಕ್ಕ ತಪ್ಪೋದ್ರೆ? ಇನ್ನೆಂಟು ವಾರ ಕಾಯ್ಬೇಕಾಯ್ತಿತ್ತು."

ಅವಳು ನಗಲಿಲ್ಲ. ನಗಲು ಆಗಲಿಲ್ಲ.

"ಈಗ ಕೇಳು" ಅಂದ ಕೀರ್ತಿ. "ಚೆನ್ನಾಗ್ ಉಣ್ತೀನಿ, ಚೆನ್ನಾಗ್ ನಿದ್ದೆ ಮಾಡ್ತೀನಿ. ಏನೂ ತೊಂದ್ರೆ ಇಲ್ಲ. ಆದ್ರೂ ನೀನೇ ಬೇಕು."

ಯಮುನಾ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಉಸಿರು ನೆಟ್ಟಗಿತ್ತು. ಕಣ್ಣು ಕಣ್ಣಿನಷ್ಟೇ ಇತ್ತು. ಮೈಯಲ್ಲಿ ಒಂದು ಲಕ್ಷಣವೂ ಇರಲಿಲ್ಲ. ಆರೋಗ್ಯವಂತ ಹೃದಯವೊಂದು ಸದ್ದಿಲ್ಲದೆ, ಅವಸರವಿಲ್ಲದೆ ತನ್ನನ್ನು ಬಯಸುತ್ತಿತ್ತು. ಅಂಥದ್ದೂ ಲೋಕದಲ್ಲಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಅತ್ತೆ ಬರಲ್ವಾ?"

"ನಿನ್ ಮುಂದೆ ನಿಲ್ಲಕ್ಕೆ ನಾಚ್ಕೆ ಅಂತೆ. ಒಲೆ ಮುಂದೆ ಕೂತು ಅಳ್ತಾವ್ಳೆ."

"ಹಂಗಾದ್ರೆ ನಾನೇ ಬತ್ತೀನಿ. ನಡೀರಿ" ಅಂದವಳೇ ಯಮುನಾ, ಅವನು ಹೊರಡುವುದನ್ನು ಕಾಯದೆ ತಾನೇ ಮುಂದೆ ನಡೆದಳು.