ಖಾನಾವಳಿಗೆ ಬಿದ್ದ ಬೀಗ

"ನನ್ನ ಖಾನಾವಳಿಗೆ ಕೀಲಿ ಜಡದಾರ್ರಿ ಸಿಸ್ಟರ! ನಾ ಮಂದಿಗೆ ಬ್ಯಾನಿ ಉಣಸೀನಂತ!"

2009ರ ಮೇ ತಿಂಗಳ ಒಂದು ಬೆಳಿಗ್ಗೆ ಬೊಮ್ಮನಹಳ್ಳಿಯ ನಮ್ಮ ನರ್ಸಿಂಗ್ ಹೋಮಿನ ವಾರ್ಡಿಗೆ ಶೇಖವ್ವ ಹೀಗೆ ಅಳುತ್ತ ನುಗ್ಗಿದಳು. ಯಾದಗಿರಿ ಕಡೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ನರಸಪ್ಪನ ವಠಾರದಲ್ಲಿ ಒಂದು ಕೋಣೆ ಹಿಡಿದು, ಜೋಳದ ರೊಟ್ಟಿ ಬಡಿದು, ಮೂವತ್ತು ಜನಕ್ಕೆ ಊಟ ಹಾಕಿ ಬದುಕುತ್ತಿದ್ದಳು. ಆ ವಾರ ಅದೇ ವಠಾರದ ಮೂವರಿಗೆ ಕಾಮಾಲೆಯಾಗಿ ನಮ್ಮಲ್ಲಿ ಮಲಗಿದ್ದರು. ಮೂವರೂ ಅವಳ ಕೈಯಲ್ಲಿ ಉಣ್ಣುವವರೇ. ನರಸಪ್ಪ ಬೀಗ ಹಾಕಿ, ಸಂಜೆಯೊಳಗೆ ಪಾತ್ರೆ ಪಗಡ ಎತ್ತಿಕೊಂಡು ಹೊರಡು ಎಂದಿದ್ದ.

ನಾನು ಚಿಕ್ಕಮುನಿಯಮ್ಮ, ಆ ವಾರ್ಡಿನ ಆಯಾ. ಹುಟ್ಟಿ ಬೆಳೆದದ್ದೆಲ್ಲ ಬೊಮ್ಮನಹಳ್ಳಿಯೇ. ನಿಜ ಹೇಳುತ್ತೇನೆ, ಆಗ ನನಗೂ ಶೇಖವ್ವನ ಮೇಲೇ ಅನುಮಾನ. ನರಸಪ್ಪಣ್ಣ ನಮ್ಮೂರವನು, ಸಿಡುಕನಾದರೂ ಸುಮ್ಮಸುಮ್ಮನೆ ದೂರುವವನಲ್ಲ ಎಂದುಕೊಂಡಿದ್ದೆ. ಆದರೆ ನಮ್ಮ ಮಹಾನಂದಾ ಸಿಸ್ಟರ್ ಕಣ್ಣಾರೆ ನೋಡದೆ ಏನನ್ನೂ ನಂಬುವವರಲ್ಲ. ವಾರ್ಡಿನಲ್ಲಿ ಏನೇ ಕಾಣೆಯಾದರೂ ಡಾಕ್ಟರು ಪೊಲೀಸರಿಗಿಂತ ಮೊದಲು ಅವರನ್ನೇ ಕೇಳುತ್ತಿದ್ದರು.

"ಅಳಬ್ಯಾಡ ಶೇಖವ್ವ, ಕೂಡು," ಎಂದವರೇ ಸಿಸ್ಟರ್ ಬಸಲಿಂಗನ ಹಾಸಿಗೆಯತ್ತ ನಡೆದರು. ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಹುಡುಗ. ಅವನನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿ ಕಣ್ಣು ನೋಡಿದರು. ಟ್ಯೂಬ್‌ಲೈಟಿನ ಕೆಳಗೆ ಹಳದಿ ಮೋಸ ಮಾಡುತ್ತದಂತೆ. ಬಲಪಕ್ಕೆಯ ಕೆಳಗೆ ಮೆಲ್ಲಗೆ ಒತ್ತಿದರು. ಮೂತ್ರದ ಬಣ್ಣ, ಮಲದ ಬಣ್ಣ, ಮೈ ತುರಿಕೆ ಎಲ್ಲ ಕೇಳಿ ಬರೆದುಕೊಂಡರು. ಕೊನೆಗೆ ಒಂದು ಹಾಳೆ ಕೊಟ್ಟು ಅವನ ಹೆಸರು ಬರೆಸಿದರು. ಲಿವರ್ ಕೆಟ್ಟು ಮಿದುಳಿಗೆ ಮಂಕು ಕವಿಯುವಾಗ ಅಕ್ಷರ ಮೊದಲು ಸೊಟ್ಟಗಾಗುತ್ತದೆ ಎಂದು ದಿನಾ ಬರೆಸುತ್ತಿದ್ದರು. ಅಕ್ಷರ ನೆಟ್ಟಗಿತ್ತು.

"ರಕ್ತದ ರಿಪೋರ್ಟ್ ಬಂದದ, ಹೆಪಟೈಟಿಸ್ ಇ. ಹೊಲಸು ನೀರಿನಿಂದ ಬರೋದು," ಎಂದರು ಸಿಸ್ಟರ್. "ಶೇಖವ್ವ, ಯುಗಾದಿಗೆ ನೀ ಎಲ್ಲಿದ್ದಿ?"

"ಊರಾಗ್ರಿ. ತಂಗಿ ಬಾಣಂತನ ಇತ್ತು. ಹದಿನೈದು ದಿನ ಖಾನಾವಳಿ ಬಂದ್ ಇತ್ತು."

"ಬಸಲಿಂಗ, ಆ ಹದಿನೈದು ದಿನ ನೀ ಏನೇನು ಬಾಯಿಗೆ ಹಾಕ್ಕೊಂಡಿ?"

ನನಗೆ ನಗು ಬಂತು. ಇವತ್ತಿನ ಕಾಯಿಲೆಗೆ ಯುಗಾದಿಯ ಊಟ ಕೇಳುತ್ತಾರಲ್ಲ!

"ಓವರ್‌ಟೈಮ್ ಇತ್ತಂತ ಊರಿಗೆ ಹೋಗಲಿಲ್ರಿ. ಕೋಲ್ಯಾಗ ಅನ್ನ ಮಾಡ್ಕೊಂಡ್ವಿ. ಹೊರಗ ಏನೂ ತಿಂದಿಲ್ಲ. ರಾಮನವಮಿ ದಿನ ಮಾಲಕರ ಮನಿ ಮುಂದ ಪಾನಕ ಕುಡದೆ, ಅಷ್ಟ. ಡ್ಯೂಟಿ ಬಿಟ್ಟಮ್ಯಾಗ, ಸಂಜಿಕ."

ಪಕ್ಕದ ಹಾಸಿಗೆಗಳ ಚನ್ನವೀರಪ್ಪ, ಸವಿತಾ ಇಬ್ಬರೂ ಅದನ್ನೇ ಹೇಳಿದರು. ಪಾನಕ, ಸಂಜೆ.

"ಪಾನಕನ ಯಾಕೆ ದೂರ್ತೀರಾ ಸಿಸ್ಟರ್?" ನಾನು ತಡೆಯಲಾರದೆ ಅಂದೆ. "ನಾನೂ ಅಲ್ಲೇ ಬೆಳಿಗ್ಗೆ ಎರಡು ಲೋಟ ಕುಡ್ದಿದ್ದೆ. ಗುಂಡುಕಲ್ಲಿನಂಗೆ ಇದ್ದೀನಿ. ಆವತ್ತಿನ ಬಿಸಿಲಿಗೆ ಪಾನಕ ಅಮೃತ ಕಣ್ರೀ. ಮಧ್ಯಾಹ್ನದಿಂದ ರಾತ್ರಿ ಗಂಟ ಕರೆಂಟ್ ಬೇರೆ ಇರ್ಲಿಲ್ಲ, ಬೀಸ್ಕೊಂಡೂ ಬೀಸ್ಕೊಂಡೂ ಕೈ ಬಿದ್ದೋಯ್ತು."

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಅಕ್ಕ, ಮಧ್ಯಾಹ್ನ ನರಸಪ್ಪನ ಮನೆಗೆ ಹೋಗಿ ಬರೋಣ."

ಹೋದೆವು. ಅಂಗಳದಲ್ಲಿ ಟ್ಯಾಂಕರ್ ನೀರು ತುಂಬುವ ಸಂಪು, ಅದರಿಂದ ನಾಲ್ಕು ಹೆಜ್ಜೆಗೆ ವಠಾರದ ಪಾಯಿಖಾನೆಯ ಗುಂಡಿ. ಸಂಪಿನ ನೀರು ಬಟ್ಟೆಗೆ, ಬಚ್ಚಲಿಗೆ ಮಾತ್ರ. ಕುಡಿಯಲು ಮೋಟಾರ್ ಹಾಕಿ ಬಿಡುವ ಬೋರ್‌ವೆಲ್ ನೀರು. ನರಸಪ್ಪ ಮನೆಯಲ್ಲಿರಲಿಲ್ಲ. ಹೆಂಡತಿ ನಾಗಲಕ್ಷ್ಮಮ್ಮ ಹಗಲಲ್ಲೇ ಕಿಟಕಿ ಮುಚ್ಚಿಕೊಂಡು ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ಬರೀ ಮಜ್ಜಿಗೆ ಅನ್ನ. ಮಾವಿನ ಕಾಲದಲ್ಲೂ ಒಂದು ಹೋಳು ಉಪ್ಪಿನಕಾಯಿ ಇಲ್ಲ. ಮಾತಾಡುತ್ತ ಅಂಗೈ ಕೆರೆದುಕೊಳ್ಳುತ್ತಿದ್ದಳು.

"ಶೇಖವ್ವನ ಅಡುಗೆ ಯಾವತ್ತಾದರೂ ತಿಂದಿದ್ದೀರಾ ಅಕ್ಕ?" ಸಿಸ್ಟರ್ ಕೇಳಿದರು.

"ಅಯ್ಯೋ, ನಾವು ಬಾಡಿಗೆಯೋರ ಮನೇಲಿ ನೀರೂ ಕುಡಿಯಲ್ಲಮ್ಮ."

"ಸಂಜೆ ನಾಲ್ಕಕ್ಕೆ ಯಜಮಾನರ ಜೊತೆ ವಾರ್ಡಿಗೆ ಬನ್ನಿ. ನಿಮ್ಮ ಒಳ್ಳೆಯದಕ್ಕೇ ಕರೀತಿದ್ದೀನಿ."

ನಾಲ್ಕಕ್ಕೆ ಎಲ್ಲರೂ ಬಸಲಿಂಗನ ಹಾಸಿಗೆಯ ಸುತ್ತ ಸೇರಿದರು. ಡಾಕ್ಟರೂ ಬಂದು ಗೋಡೆಗೆ ಒರಗಿ ನಿಂತರು. ಶೇಖವ್ವ ಮೂಲೆಯಲ್ಲಿ ಮುದುಡಿದ್ದಳು.

"ಏನ್ ಸಿಸ್ಟರೇ, ಇನ್ನೇನೈತೆ ಏಳೋಕೆ?" ನರಸಪ್ಪ ಗುಡುಗಿದ. "ಈ ಎಂಗಸಿನ ಕೈ ಕೊಳಕು. ಅಷ್ಟೇಯ!"

ಸಿಸ್ಟರ್ ಅವನ ಹೆಂಡತಿಯ ಕೈ ಹಿಡಿದು ಕಿಟಕಿಯ ಬಳಿಗೆ ಕರೆತಂದು ಪರದೆ ಸರಿಸಿದರು. ಬಿಸಿಲು ಮುಖಕ್ಕೆ ಬಿತ್ತು. ನಾಗಲಕ್ಷ್ಮಮ್ಮನ ಕಣ್ಣು ಅರಿಶಿನ ಕಲಸಿದಂತಿತ್ತು. ಇಷ್ಟು ವರ್ಷ ನೋಡಿದ ಮುಖ, ನನಗೇ ಗೊತ್ತಾಗಿರಲಿಲ್ಲ!

"ಕತ್ತಲೆ ಕೋಣೆ, ತುರಿಕೆ, ಪಥ್ಯದ ಊಟ. ಗುಟ್ಟಾಗಿ ನಾಟಿ ಔಷಧಿ ಕೊಡಿಸ್ತಿದ್ದೀರಿ, ಅಲ್ವಾ ನರಸಪ್ಪನವರೇ?"

ನರಸಪ್ಪನ ದನಿ ಇಳಿಯಿತು. "ಮಾಲೀಕನ ಮನೇಲೇ ಕಾಮಾಲೆ ಅಂದ್ರೆ ವಠಾರ ಖಾಲಿಯಾಗ್ತದೆ ಅಂತ..."

"ಈ ಕಾಯಿಲೆ ಹೊರಗೆ ಕಾಣಿಸೋ ಮೊದಲು ಸಾಮಾನ್ಯವಾಗಿ ಐದಾರು ವಾರ ಒಳಗೇ ಇರುತ್ತೆ. ಎಲ್ಲರೂ ನಿನ್ನೆ ಮೊನ್ನೆ ಏನು ತಿಂದ್ರಿ ಅಂತ ಕೇಳಿದರು. ಐದಾರು ವಾರದ ಹಿಂದೆ, ಅಂದರೆ ಯುಗಾದಿ ಹೊತ್ತಿಗೆ, ಶೇಖವ್ವ ಬೊಮ್ಮನಹಳ್ಳಿಯಲ್ಲೇ ಇರಲಿಲ್ಲ. ಅದೊಂದೇ ಸಾಲದು, ಈ ಲೆಕ್ಕ ಹಿಂದೆ ಮುಂದೆ ಆಗಬಹುದು. ಆದರೆ ಅವಳ ಮನೆಯ ನೀರೂ ಮುಟ್ಟದ ಅಕ್ಕನಿಗೆ ಅದೇ ಕಾಯಿಲೆ. ನಾಲ್ವರಿಗೂ ಒಟ್ಟಿಗೆ ಸೇರುವುದು ಪಾನಕ ಒಂದೇ."

"ಬೆಳಿಗ್ಗೆ ಕುಡಿದ ನನಗೇನೂ ಆಗ್ಲಿಲ್ವಲ್ಲ?" ಎಂದೆ.

"ದಾರಿ ತೋರಿಸಿದ್ದೇ ನೀವು, ಅಕ್ಕ. ಬೆಳಿಗ್ಗೆಯದು ಬೋರ್‌ವೆಲ್ ನೀರು. ಮಧ್ಯಾಹ್ನದಿಂದ ಕರೆಂಟ್ ಇಲ್ಲ ಅಂದ್ರಿ. ಕರೆಂಟ್ ಇಲ್ಲದೆ ಮೋಟಾರ್ ಇಲ್ಲ. ಹಾಗಾದರೆ ಸಂಜೆ ಶಿಫ್ಟ್ ಬಿಟ್ಟು ಬಂದ ಜನಕ್ಕೆ ಪಾನಕ ಯಾವ ನೀರಲ್ಲಿ ಆಯ್ತು, ನರಸಪ್ಪನವರೇ?"

ವಾರ್ಡೆಲ್ಲ ಅವನನ್ನೇ ನೋಡಿತು.

"ಮುಗಿದೋಗಿತ್ತು ಕಣಮ್ಮ. ಜನ ಬರಿಗೈಲಿ ಓಗಬಾರದು ಅಂತ... ಸಂಪಿಂದ ನಾನೇ ನಾಲ್ಕು ಬಕೆಟ್ ಸೇದಿ ಆಕ್ದೆ. ಬೆಲ್ಲ ಕದಡಿದ್ರೆ ಏನಾಗ್ತದೆ ಅನ್ಕೊಂಡೆ."

"ಪಕ್ಕದ ಗುಂಡಿಯ ಹೊಲಸು ಆ ಸಂಪಿಗೆ ಒಸರ್ತಿದೆ. ಮನೆಯ ಹೆಂಗಸು ಎಲ್ಲರಿಗೂ ಕೊಟ್ಟು ಕೊನೆಗೆ ಕುಡೀತಾಳೆ. ನೀವು ಪೂಜೆ ಮುಗಿಸಿ ಮೊದಲು ಕುಡಿದು ಪಾರಾದಿರಿ, ಇವರು ಸಂಜೆಯ ತಳ ಕುಡಿದು ಮಲಗಿದರು."

ನಾಗಲಕ್ಷ್ಮಮ್ಮ ಗಂಡನತ್ತ ತಿರುಗಿದಳು. "ಆ ಎಣ್ಣುಮಗಳ ಒಟ್ಟೆ ಮೇಲೆ ಒಡೆದ್ರಲ್ಲ ನೀವು!"

ಡಾಕ್ಟರು ಜೋರಾಗಿ ಚಪ್ಪಾಳೆ ತಟ್ಟಿದರು. ನಾನಂತೂ ಖುಷಿ ತಡೆಯಲಾರದೆ ಶೇಖವ್ವನನ್ನು ತಬ್ಬಿಕೊಂಡೆ, ಅನುಮಾನಪಟ್ಟಿದ್ದಕ್ಕೆ ತಪ್ಪಾಯಿತೆಂದೂ ಹೇಳಿದೆ. ಸಿಸ್ಟರ್ ಆಗಲೇ ನಾಗಲಕ್ಷ್ಮಮ್ಮನಿಗೆ ಹಾಸಿಗೆ ಹಾಸುತ್ತಿದ್ದರು. ನಾಟಿ ಔಷಧಿ ಬಂದ್, ಪೂರ್ತಿ ವಿಶ್ರಾಂತಿ, ಕಾಯಿಸಿ ಆರಿಸಿದ ನೀರು, ಸ್ವಲ್ಪ ಸ್ವಲ್ಪವೇ ಹಲವು ಸಲ ಊಟ. ಬೆಳಿಗ್ಗೆ ಎದ್ದ ಕೂಡಲೇ ಹೆಸರು ಬರೆಯುವುದು.

ನರಸಪ್ಪ ತಾನೇ ಹೋಗಿ ಖಾನಾವಳಿಯ ಬೀಗ ತೆಗೆದ. ಮರುದಿನವೇ ಸಂಪು ಖಾಲಿ ಮಾಡಿಸಿ ಗುಂಡಿಯನ್ನು ದೂರಕ್ಕೆ ಹಾಕಿಸುವ ಕೆಲಸ ಶುರುಮಾಡಿದ. ಆ ಮಧ್ಯಾಹ್ನ ಅವನ ಹೆಂಡತಿಗೆ ಶೇಖವ್ವನೇ ತನ್ನ ಒಲೆಯಿಂದ ಮೆತ್ತಗಿನ ಅನ್ನವನ್ನು ವಾರ್ಡಿಗೆ ತಂದಳು. ನಾಗಲಕ್ಷ್ಮಮ್ಮ ಒಂದಗುಳೂ ಬಿಡದೆ ಉಂಡಳು. ಬುತ್ತಿಯಲ್ಲಿ ಎರಡು ರೊಟ್ಟಿ, ಎಣ್ಣೆಗಾಯಿಯೂ ಇದ್ದವು. ಹಸಿದಿದ್ದ ನರಸಪ್ಪ ತಲೆ ತಗ್ಗಿಸಿಕೊಂಡು ಕೈ ಚಾಚಿದ.

ಶೇಖವ್ವ ಬುತ್ತಿಯನ್ನು ಹಿಂದಕ್ಕೆಳೆದುಕೊಂಡಳು. ವಾರ್ಡಿನ ನಲ್ಲಿಯ ಬಳಿಯಿದ್ದ ಸೋಪು ಎತ್ತಿ ಅವನ ಅಂಗೈಯಲ್ಲಿಟ್ಟಳು.

"ಮೊದಲ ಕೈ ತೊಳ್ಕೊಂಡ್ ಬರ್ರಿ, ಮಾಲಕ್ರ."